ಪಕ್ಕದ ಮನೆಯ ಬಾಗಿಲು ಮುಚ್ಚಿಕೊಂಡಾಗ

ಪ್ರಶ್ನೆ: ಪಕ್ಕದ ಮನೆಯ ಯಜಮಾನರಿಗೆ ನಾಲ್ಕು ತಿಂಗಳ ಹಿಂದೆ ಪಾರ್ಶ್ವವಾಯು ಆಯಿತು. ಎದ್ದು ಓಡಾಡಲು ಆಗುವುದಿಲ್ಲ, ಮಾತೂ ಸರಿಯಾಗಿ ಬರುವುದಿಲ್ಲ. ದುಡಿಮೆ ನಿಂತಿದೆ. ಇಬ್ಬರು ಚಿಕ್ಕ ಮಕ್ಕಳು. ಎಲ್ಲವನ್ನೂ ಹೆಂಡತಿ ಒಬ್ಬರೇ ನೋಡಿಕೊಳ್ಳುತ್ತಿದ್ದಾರೆ. ನಾನು ಎರಡು ಸಲ ಹಣ ಕೊಟ್ಟೆ. ಭಾನುವಾರದ ಆರಾಧನೆಯಲ್ಲಿ ಅವರ ಹೆಸರು ಹೇಳಿ ಪ್ರಾರ್ಥನೆ ಮಾಡಿಸಿದೆ. ಆಮೇಲೆ ಆಕೆ ನನ್ನ ಜೊತೆ ಮಾತು ಕಡಿಮೆ ಮಾಡಿದರು. ಬಾಗಿಲು ತಟ್ಟಿದರೆ ‘ಏನೂ ಬೇಡ ಅಕ್ಕಾ’ ಅಂತ ಅಲ್ಲಿಂದಲೇ ಕಳಿಸುತ್ತಾರೆ. ಅವರು ಕ್ರೈಸ್ತರಲ್ಲ. ನಮ್ಮದೂ ದೊಡ್ಡ ಸಂಪಾದನೆ ಅಲ್ಲ. ‘ಹೀಗೆ ಎಷ್ಟು ದಿನ ಅಂತ ಕೊಡ್ತೀಯಾ’ ಅಂತ ನಮ್ಮ ಯಜಮಾನರು ಕೇಳುತ್ತಾರೆ. ಕ್ರೈಸ್ತಳಾಗಿ ನಾನು ಏನು ಮಾಡಬೇಕು? ಅವರಿಗೆ ಯೇಸುವಿನ ವಿಷಯ ಹೇಳಬೇಕಾ? ನಾನು ಮಾಡಿದ್ದು ತಪ್ಪಾ?

ಉತ್ತರ:

ಪ್ರಿಯ ಸಹೋದರಿ,

ಕೊನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ನಿಮ್ಮನ್ನು ಒಳಗೊಳಗೇ ಕೊರೆಯುತ್ತಿರುವುದು ಅದೇ ಅನ್ನಿಸಿತು. ಹಣ ಕೊಟ್ಟದ್ದು ತಪ್ಪಲ್ಲ. ಪ್ರಾರ್ಥನೆ ಮಾಡಿದ್ದು ತಪ್ಪಲ್ಲ. ಆದರೆ ಆಕೆಯನ್ನು ಒಂದು ಮಾತು ಕೇಳದೆ, ಅವರ ಮನೆಯ ಕಷ್ಟವನ್ನು ಹೆಸರಿನ ಸಮೇತ ಸಭೆಯ ಮುಂದೆ ಇಟ್ಟಿರಲ್ಲ, ಅದು ತಪ್ಪು. ನಿಮ್ಮ ಮನಸ್ಸಿನಲ್ಲಿ ಕೆಟ್ಟದ್ದು ಇರಲಿಲ್ಲ, ಅದರಲ್ಲಿ ನನಗೆ ಅನುಮಾನ ಇಲ್ಲ. ಆದರೂ ಆಕೆಯ ಜಾಗದಲ್ಲಿ ಒಂದು ಗಳಿಗೆ ನಿಂತು ನೋಡಿ. ಗಂಡ ಹಾಸಿಗೆ ಹಿಡಿದಿದ್ದಾರೆ. ಕೈ ಖಾಲಿಯಾಗಿದೆ. ನಾಲ್ಕು ಜನಕ್ಕೆ ಗೊತ್ತಾಗದಿರಲಿ ಅಂತ ಹಲ್ಲು ಕಚ್ಚಿಕೊಂಡು ದಿನ ದೂಡುತ್ತಿದ್ದಾರೆ. ಹಾಗಿರುವಾಗ ಒಂದು ದಿನ ದಾರಿಯಲ್ಲಿ ಗುರುತೇ ಇಲ್ಲದವರೊಬ್ಬರು ನಿಲ್ಲಿಸಿ, ‘ನಿಮ್ಮ ಯಜಮಾನರು ಈಗ ಹೇಗಿದ್ದಾರೆ? ನಾವೆಲ್ಲ ಪ್ರಾರ್ಥನೆ ಮಾಡ್ತಾ ಇದ್ದೀವಿ’ ಅಂದರೆ? ಹೇಳಿದವರದು ಒಳ್ಳೆಯ ಮನಸ್ಸೇ. ಆದರೆ ಕೇಳಿಸಿಕೊಂಡವರಿಗೆ ತಲೆ ಎತ್ತಲು ಆಗುವುದಿಲ್ಲ. ನಿಮ್ಮ ವಿಷಯದಲ್ಲಿ ಹೀಗೇ ಆಗಿದೆ ಅಂತ ನಾನು ಹೇಳಲಾರೆ. ಆದರೆ ಬಾಗಿಲು ಮುಚ್ಚಿಕೊಂಡದ್ದು ಆ ಭಾನುವಾರದ ನಂತರ ಅಂತ ನೀವೇ ಬರೆದಿದ್ದೀರಿ.

ಇದು ನಮ್ಮ ಸಭೆಗಳಲ್ಲಿ ಆಗಾಗ ಆಗುವ ತಪ್ಪು. ನಾನೂ ಮಾಡಿದ್ದೇನೆ. ಅದಕ್ಕೇ ಈಗ ಯಾರಾದರೂ ಪ್ರಾರ್ಥನೆಯ ವಿಷಯ ತಂದರೆ, ‘ಅವರಿಗೆ ಹೇಳಿ ಬಂದಿದ್ದೀರಾ?’ ಅಂತ ಮೊದಲು ಕೇಳುತ್ತೇನೆ. ಇಲ್ಲ ಅಂದರೆ, ‘ಕಷ್ಟದಲ್ಲಿರುವ ಒಂದು ಕುಟುಂಬ’ ಅಂದರೆ ಸಾಕು. ಅದು ಯಾವ ಕುಟುಂಬ ಅಂತ ದೇವರಿಗೆ ನಾವು ಹೇಳಿಕೊಡಬೇಕಾಗಿಲ್ಲ.

ದಾನ ಮಾಡುವಾಗ ತುತೂರಿ ಊದಿಸಬೇಡಿ, ಬಲಗೈ ಮಾಡುವುದು ಎಡಗೈಗೆ ಗೊತ್ತಾಗದಿರಲಿ ಅಂತ ಯೇಸು ಹೇಳಿದ್ದು ಮತ್ತಾಯ 6ರಲ್ಲಿದೆ. ಅದು ಕೊಡುವವನಿಗೆ ಹೆಮ್ಮೆ ಬರಬಾರದು ಅಂತ ಹೇಳಿದ ಮಾತು, ನಿಜ. ಆದರೆ ಹಾಗೆ ಗುಟ್ಟಾಗಿ ಕೊಟ್ಟಾಗ ಇನ್ನೊಂದು ಒಳ್ಳೆಯದೂ ಆಗುತ್ತದೆ. ತೆಗೆದುಕೊಳ್ಳುವವನ ಮಾನ ಉಳಿಯುತ್ತದೆ.

ಬೈಬಲ್ಲಿಗೆ ಈ ಮಾನದ ಕಾಳಜಿ ಎಷ್ಟಿದೆ ಅಂತ ನೋಡಬೇಕಾದರೆ ಧರ್ಮೋಪದೇಶಕಾಂಡ 24 ತೆಗೆಯಿರಿ. ಬಡವನಿಗೆ ಸಾಲ ಕೊಟ್ಟು ಒತ್ತೆ ತೆಗೆದುಕೊಳ್ಳಬೇಕಾದರೆ ಅವನ ಮನೆಯೊಳಗೆ ನುಗ್ಗಬಾರದು. ಹೊರಗೆ ನಿಲ್ಲಬೇಕು. ಅವನೇ ಒಳಗಿನಿಂದ ತಂದು ಕೊಡಬೇಕು. ಈ ನಿಯಮ ಓದಿದಾಗಲೆಲ್ಲ ನನ್ನ ಕಣ್ಣ ಮುಂದೆ ಒಂದು ಚಿತ್ರ ಬರುತ್ತದೆ. ಹೊರಗೆ ದುಡ್ಡಿರುವವನು ಕಾಯುತ್ತಾ ನಿಂತಿದ್ದಾನೆ. ಒಳಗೆ ಯಾವ ಪಾತ್ರೆ ಇದೆ, ಯಾವ ಬಟ್ಟೆ ಹರಿದಿದೆ ಅಂತ ಅವನು ನೋಡುವ ಹಾಗಿಲ್ಲ. ಆ ಹೊಸ್ತಿಲು ಬಡವನದು. ಅದೇ ಅಧ್ಯಾಯದಲ್ಲಿ, ಹೊಲದಲ್ಲಿ ಮರೆತುಬಿಟ್ಟ ಸಿವುಡನ್ನು ತರಲು ಹಿಂದಕ್ಕೆ ಹೋಗಬೇಡಿ, ಅದು ಪರದೇಶಿಗೆ, ಅನಾಥರಿಗೆ, ವಿಧವೆಯರಿಗೆ ಇರಲಿ ಅಂತಲೂ ಇದೆ. ರೂತಳ ಕಥೆಯಲ್ಲಿ ಹೊಲದ ಯಜಮಾನ ಬೋವಜ ಇದನ್ನು ಇನ್ನೂ ಒಂದು ಹೆಜ್ಜೆ ಮುಂದೆ ತೆಗೆದುಕೊಂಡು ಹೋದ. ಬಡ ವಿಧವೆ ರೂತಳು ಹಕ್ಕಲಾಯುತ್ತಿದ್ದಳು, ಅಂದರೆ ಕೊಯ್ಯುವವರ ಹಿಂದೆ ಬಿದ್ದ ತೆನೆ ಆರಿಸುತ್ತಿದ್ದಳು. ಕಟ್ಟಿದ ಸಿವುಡುಗಳಿಂದ ಬೇಕೆಂದೇ ಕೆಲವು ತೆನೆ ಎಳೆದು ಅವಳಿಗಾಗಿ ಬಿಡಿ, ಅವಳನ್ನು ಗದರಬೇಡಿ ಅಂತ ಆಳುಗಳಿಗೆ ಹೇಳಿದ. ಅವಳನ್ನು ಕರೆದು ಮೂಟೆ ಹೊರಿಸಿ ಕಳಿಸಬಹುದಿತ್ತು, ಅಲ್ವಾ? ಆವತ್ತು ಹಾಗೆ ಮಾಡಲಿಲ್ಲ. ಸಂಜೆ ಅವಳು ಬಡಿದು ತೆಗೆದ ಜವೆಗೋಧಿ ಅವಳ ಕೈಯ ದುಡಿಮೆಯೇ ಆಗಿತ್ತು.

ಹಾಗಾದರೆ ನೀವು ಮೊದಲು ಮಾಡಬೇಕಾದ್ದು ಕ್ಷಮೆ ಕೇಳುವುದು. ಕೈಯಲ್ಲಿ ಏನೂ ಹಿಡಿದುಕೊಳ್ಳದೆ ಹೋಗಿ. ಏನಾದರೂ ಹಿಡಿದುಕೊಂಡು ಹೋದರೆ ಆಕೆ ಆ ವಸ್ತುವನ್ನು ಬೇಡ ಅನ್ನುವುದರಲ್ಲೇ ಮಾತು ಮುಗಿದುಹೋಗುತ್ತದೆ. ‘ನಿಮ್ಮನ್ನು ಕೇಳದೆ ನಿಮ್ಮ ಮನೆ ವಿಷಯವನ್ನು ಬೇರೆಯವರ ಮುಂದೆ ಹೇಳಿಬಿಟ್ಟೆ. ಹಾಗೆ ಮಾಡಬಾರದಿತ್ತು. ನನ್ನಿಂದ ತಪ್ಪಾಯಿತು.’ ಇಷ್ಟು ಸಾಕು. ‘ಒಳ್ಳೇದಕ್ಕೇ ಹೇಳಿದ್ದು’ ಅಂತ ಬಾಲ ಸೇರಿಸಬೇಡಿ. ಆ ಬಾಲ ಸೇರಿದರೆ ಕ್ಷಮೆ ಕೇಳಿದ ಹಾಗೆ ಆಗುವುದಿಲ್ಲ, ಸಮಜಾಯಿಷಿ ಕೊಟ್ಟ ಹಾಗಾಗುತ್ತದೆ. ಆಕೆ ಏನೂ ಹೇಳದೆ ಬಾಗಿಲು ಹಾಕಿಕೊಂಡರೂ ಪರವಾಗಿಲ್ಲ. ನೀವು ಹೇಳಿದ್ದು ಆಕೆಗೆ ತಲುಪಿರುತ್ತದೆ. ಮರುದಿನ ಎದುರಾದಾಗ ಎಂದಿನಂತೆ ಮಾತಾಡಿಸಿ.

ಈಗ ಮುಂದಿನದು. ಏನು ಮಾಡಬೇಕು?

ಒಳ್ಳೆಯ ಸಮಾರ್ಯದವನ ಸಾಮ್ಯ, ಅಂದರೆ ಕಳ್ಳರು ಹೊಡೆದು ದಾರಿಯಲ್ಲಿ ಬಿಟ್ಟುಹೋದವನಿಗೆ ಸಮಾರ್ಯ ಸೀಮೆಯವನೊಬ್ಬ ನೆರವಾದ ಅಂತ ಯೇಸು ಹೇಳಿದ ಕಥೆ, ನಿಮಗೆ ಬಾಯಿಪಾಠವೇ ಇರುತ್ತದೆ. ಲೂಕ 10ನ್ನು ಈ ಸಲ ನಿಧಾನವಾಗಿ ಓದಿ ಅಂತ ಕೇಳಿಕೊಳ್ಳುತ್ತೇನೆ. ಯೆರೂಸಲೇಮಿನಿಂದ ಯೆರಿಕೋಗೆ ಇಳಿಯುವ ದಾರಿ ಹೆಚ್ಚುಕಡಿಮೆ 27 ಕಿಲೋಮೀಟರ್. ಅಷ್ಟರಲ್ಲಿ ಸುಮಾರು 1,000 ಮೀಟರ್ ಕೆಳಗೆ ಇಳಿಯುತ್ತದೆ. ಬೋಳು ಬೆಟ್ಟ, ಕೊರಕಲು, ತಿರುವು. ಕಳ್ಳರು ಅಡಗಿ ಕೂರಲು ಹೇಳಿ ಮಾಡಿಸಿದ ಜಾಗ. ಯಾಜಕನೂ ಲೇವಿಯನೂ ಗಾಯಾಳುವನ್ನು ನೋಡಲಿಲ್ಲ ಅಂತ ಯೇಸು ಹೇಳಲಿಲ್ಲ. ಇಬ್ಬರೂ ನೋಡಿದರು. ನೋಡಿ ಆಚೆ ಬದಿಯಿಂದ ಹೋದರು. ಸಮಾರ್ಯದವನೂ ನೋಡಿದ. ನೋಡಿ ಕನಿಕರಪಟ್ಟ, ಹತ್ತಿರಕ್ಕೆ ಹೋದ. ಎಣ್ಣೆ, ದ್ರಾಕ್ಷಾರಸ, ಛತ್ರ, ದುಡ್ಡು ಎಲ್ಲ ಆಮೇಲೆ ಬಂದದ್ದು.

ಇಲ್ಲಿ ‘ಕನಿಕರಪಟ್ಟು’ ಅಂತ ಕನ್ನಡದಲ್ಲಿ ಇರುವ ಕಡೆ ಮೂಲ ಗ್ರೀಕಿನಲ್ಲಿರುವ ಕ್ರಿಯಾಪದ, ಹೊಟ್ಟೆಯೊಳಗಿನ ಕರುಳು ಮೊದಲಾದ ಅಂಗಗಳಿಗೆ ಇರುವ ಹೆಸರಿನಿಂದ ಹುಟ್ಟಿದ್ದು. ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಯೇ ಇಲ್ಲ. ‘ಕರುಳು ಚುರ್ ಅಂತು’ ಅಂತ ನಾವು ದಿನವೂ ಹೇಳುವುದು ಇದನ್ನೇ. ಯೇಸುವಿನ ಬದುಕನ್ನು ಹೇಳುವ ಸುವಾರ್ತೆಗಳಲ್ಲಿ ಈ ಪದ ಬರುವುದು ಯೇಸುವಿನ ಬಗ್ಗೆ, ಇಲ್ಲವೇ ಆತ ಹೇಳಿದ ಸಾಮ್ಯಗಳ ಒಳಗೆ. ನಾಯಿನ್ ಎಂಬ ಊರಿನ ವಿಧವೆಯ ಒಬ್ಬನೇ ಮಗನ ಹೆಣ ಎದುರಾದಾಗ ಯೇಸುವಿಗೆ ಆದದ್ದು ಇದೇ. ಕಳೆದುಹೋದ ಮಗ ದೂರದಲ್ಲಿ ಬರುವುದನ್ನು ಕಂಡ ತಂದೆಗೆ ಆದದ್ದೂ ಇದೇ.

ಕರುಳು ಚುರ್ ಅಂದಾಗ ನಮ್ಮಲ್ಲಿ ಬಹಳ ಜನ ಏನು ಮಾಡುತ್ತೇವೆ? ಕೈ ಜೇಬಿಗೆ ಹೋಗುತ್ತದೆ. ದುಡ್ಡು ಕೊಟ್ಟರೆ ಆ ಸಂಕಟ ಸ್ವಲ್ಪ ತಣ್ಣಗಾಗುತ್ತದೆ, ಬೇಗ ಮನೆಗೆ ಬರಬಹುದು. ಹತ್ತಿರ ಹೋಗಿ ಕೂರುವುದು ಅದಕ್ಕಿಂತ ಕಷ್ಟ. ನೀವು ಎರಡು ಸಲ ಹಣ ಕೊಟ್ಟಿದ್ದೀರಿ. ಆದರೆ ಆ ಮನೆಯೊಳಗೆ ಎಷ್ಟು ಹೊತ್ತು ಕೂತಿದ್ದಿರಿ ಅಂತ ಪತ್ರದಲ್ಲಿ ಬರೆದಿಲ್ಲ.

ನನ್ನದೇ ಒಂದು ಅನುಭವ ಹೇಳುತ್ತೇನೆ. ಹೀಗೇ ಹಾಸಿಗೆ ಹಿಡಿದ ಒಬ್ಬರ ಮನೆಗೆ ತಿಂಗಳುಗಟ್ಟಲೆ ಹೋಗುತ್ತಿದ್ದೆ. ಪ್ರಾರ್ಥನೆ ಮಾಡಿ, ‘ಏನು ಬೇಕಾದರೂ ಹೇಳಿ ಅಮ್ಮಾ’ ಅಂತ ಹೇಳಿ ಹೊರಡುತ್ತಿದ್ದೆ. ಅವರ ಹೆಂಡತಿ ಒಮ್ಮೆಯೂ ಏನನ್ನೂ ಕೇಳಲಿಲ್ಲ. ಒಂದು ಮಧ್ಯಾಹ್ನ ಆಕೆ ನನ್ನ ಮುಂದೆ ಕೂತವರು ಮಾತಾಡುತ್ತಾ ಮಾತಾಡುತ್ತಾ ಗೋಡೆಗೆ ಒರಗಿ ನಿದ್ದೆ ಹೋಗಿಬಿಟ್ಟರು. ಕೈಯಲ್ಲಿ ಒದ್ದೆ ಬಟ್ಟೆ ಹಾಗೇ ಇತ್ತು. ಆವತ್ತು ನನಗೆ ಅರ್ಥವಾಯಿತು. ಹಾಸಿಗೆ ಹಿಡಿದವರನ್ನು ಸುಮಾರು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ಇಲ್ಲದಿದ್ದರೆ ಬೆನ್ನು, ಸೊಂಟ, ಹಿಮ್ಮಡಿಯಲ್ಲಿ ಹುಣ್ಣಾಗುತ್ತದೆ. ರಾತ್ರಿಯೂ ಬದಲಿಸಬೇಕು. ಅಂದರೆ ಆ ಹೆಂಗಸು ತಿಂಗಳುಗಳಿಂದ ಒಂದು ರಾತ್ರಿಯೂ ಪೂರ್ತಿ ಮಲಗಿರಲಿಲ್ಲ. ಆಕೆಗೆ ಬೇಕಿದ್ದದ್ದು ನಿದ್ದೆ. ಅದನ್ನು ‘ಏನು ಬೇಕಾದರೂ ಹೇಳಿ’ ಅನ್ನುವವರ ಹತ್ತಿರ ಯಾರು ಕೇಳುತ್ತಾರೆ?

ಅಂದಿನಿಂದ ನಾನು ಆ ಮಾತನ್ನೇ ಬಿಟ್ಟಿದ್ದೇನೆ. ‘ಬುಧವಾರ ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ನನಗೆ ಬಿಡುವಿದೆ. ನಾನು ಇವರ ಹತ್ತಿರ ಕೂತಿರುತ್ತೇನೆ, ನೀವು ಒಳಗೆ ಹೋಗಿ ಮಲಗಿ. ಆಗಬಹುದಾ?’ ಅಂತ ಕೇಳುತ್ತೇನೆ. ದಿನ ಇರಬೇಕು, ಹೊತ್ತು ಇರಬೇಕು, ಬೇಡ ಅನ್ನಲು ಜಾಗವೂ ಇರಬೇಕು. ನಿಮ್ಮ ಪಕ್ಕದ ಮನೆಯಲ್ಲಿ ಇಬ್ಬರು ಮಕ್ಕಳಿದ್ದಾರೆ. ಅವರನ್ನು ಶಾಲೆಗೆ ಬಿಟ್ಟು ಬರುವುದು, ಸಂಜೆ ನಿಮ್ಮ ಮಕ್ಕಳ ಜೊತೆ ಕೂರಿಸಿ ಓದಿಸುವುದು ನಿಮಗೆ ಸುಲಭವಾಗಬಹುದು. ವ್ಯಾಯಾಮ ಮಾಡಿಸಲು ಆಸ್ಪತ್ರೆಗೆ ಕರೆದುಕೊಂಡು ಹೋಗುವಾಗ ಇನ್ನೊಂದು ಹೆಗಲು ಬೇಕಾಗುತ್ತದೆ. ಪಾರ್ಶ್ವವಾಯು ಆದವರು ಜಾಸ್ತಿ ಚೇತರಿಸಿಕೊಳ್ಳುವುದು ಮೊದಲ ಕೆಲವು ತಿಂಗಳುಗಳಲ್ಲಿ. ಹಾಗಾಗಿ ಆ ಹೆಗಲು ಈಗಲೇ ಬೇಕು.

ಆದರೆ ಕೇಳಿ ಮಾಡಿ. ಯೆರಿಕೋವಿನ ಹೊರಗೆ ಕುರುಡ ಬಾರ್ತಿಮಾಯ ಕೂಗಿಕೊಂಡಾಗ ಯೇಸು ಅವನನ್ನು ಕರೆಸಿ, ‘ನಾನು ನಿನಗೆ ಏನು ಮಾಡಬೇಕು?’ ಅಂತ ಕೇಳಿದರು. ಕುರುಡನಿಗೆ ಏನು ಬೇಕು ಅಂತ ಸುತ್ತ ಇದ್ದವರಿಗೆಲ್ಲ ಗೊತ್ತಿತ್ತು. ಆದರೂ ಯೇಸು ಕೇಳಿದರು. ದಾರಿ ಬದಿಯಲ್ಲಿ ಭಿಕ್ಷೆ ಬೇಡುತ್ತಿದ್ದವನನ್ನು, ಜನ ಸುಮ್ಮನಿರು ಅಂತ ಗದರಿಸಿದವನನ್ನು, ಮಾತಾಡುವ ಹಾಗೆ ಮಾಡಿದರು.

ಕೆಲವು ದಿನ ಆಕೆಗೆ ಏನೂ ಬೇಡ ಅನ್ನಿಸಬಹುದು. ಆಗ ಸುಮ್ನೆ ಕೂತು ಬನ್ನಿ. ಮಕ್ಕಳು, ಆಸ್ತಿ, ಆರೋಗ್ಯ ಎಲ್ಲ ಕಳೆದುಕೊಂಡ ಯೋಬನ ಮೂವರು ಸ್ನೇಹಿತರು ಏಳು ದಿನ ಏಳು ರಾತ್ರಿ ಅವನ ಜೊತೆ ನೆಲದ ಮೇಲೆ ಮಾತಿಲ್ಲದೆ ಕೂತರು. ಅವರು ಮಾಡಿದ್ದರಲ್ಲಿ ಚೆನ್ನಾಗಿದ್ದದ್ದು ಅದೊಂದೇ. ಆಮೇಲೆ ಬಾಯಿ ತೆರೆದು ಕಾರಣ ಹುಡುಕಲು ಹೊರಟರು, ಕೊನೆಗೆ ದೇವರಿಂದಲೇ ಬೈಸಿಕೊಂಡರು. ‘ಇದರ ಹಿಂದೆ ದೇವರ ಚಿತ್ತ ಏನೋ ಇದೆ’ ಅನ್ನುವ ಮಾತನ್ನು ದಯವಿಟ್ಟು ಆ ಮನೆಯೊಳಗೆ ಆಡಬೇಡಿ. ‘ದೇವರು ನೋಡಿಕೊಳ್ಳುತ್ತಾರೆ’ ಅಂತ ಹೇಳಿ ಎದ್ದು ಬರುವುದೂ ಬೇಡ. ಬಟ್ಟೆ ಇಲ್ಲದವರಿಗೆ, ಊಟ ಇಲ್ಲದವರಿಗೆ ಬರೀ ಒಳ್ಳೆಯ ಮಾತು ಹೇಳಿ ಕಳಿಸಿದರೆ ಏನು ಪ್ರಯೋಜನ ಅಂತ ಯಾಕೋಬ ಕೇಳಿದ್ದು ಸಭೆಯೊಳಗಿನವರನ್ನೇ.

ಇನ್ನು ಹಣದ ವಿಷಯ. ನಿಮ್ಮ ಯಜಮಾನರು ಕೇಳಿದ ಪ್ರಶ್ನೆಯನ್ನು ನೀವು ಅಪನಂಬಿಕೆ ಅಂತ ತಿಳಿಯಬೇಡಿ. ಅದು ಕೇಳಬೇಕಾದ ಪ್ರಶ್ನೆಯೇ. ಪೌಲ ಕೊರಿಂಥದವರಿಗೆ ಬರೆದ ಎರಡನೆಯ ಪತ್ರದ 8ನೇ ಅಧ್ಯಾಯದಲ್ಲಿ ಇದಕ್ಕೆ ನೇರ ಉತ್ತರ ಇದೆ. ಇಲ್ಲದ್ದನ್ನು ಲೆಕ್ಕ ಹಾಕದೆ ಇರುವುದರ ಪ್ರಕಾರ ಕೊಡಬೇಕು, ಬೇರೆಯವರ ಭಾರ ಇಳಿಸಲು ಹೋಗಿ ನೀವು ಕಷ್ಟಕ್ಕೆ ಬೀಳಬೇಕು ಅಂತ ಅಲ್ಲ ಅನ್ನುತ್ತಾನೆ. ಆದ್ದರಿಂದ ಇಬ್ಬರೂ ಕೂತು, ತಿಂಗಳಿಗೆ ಇಷ್ಟು ಅಂತ ತೀರ್ಮಾನ ಮಾಡಿ. ಚಿಕ್ಕ ಮೊತ್ತವಾದರೂ ಸರಿ. ಯಜಮಾನರಿಗೆ ಹೇಳದೆ ಮರೆಯಲ್ಲಿ ಕೊಡಬೇಡಿ. ಪಕ್ಕದ ಮನೆಗೆ ಮಾಡಿದ ಉಪಕಾರ ನಿಮ್ಮ ಮನೆಯಲ್ಲಿ ಜಗಳವಾದರೆ ಅದು ಬಹಳ ದಿನ ನಡೆಯುವುದಿಲ್ಲ.

ಸಾಲ ಅಂತ ಕೊಡುವುದಕ್ಕಿಂತ ಕೊಟ್ಟುಬಿಡುವುದು ವಾಸಿ ಅಂತ ನನ್ನ ಅಭಿಪ್ರಾಯ. ಅಕ್ಕಪಕ್ಕದ ಮನೆಗಳ ನಡುವೆ ಸಾಲ ನಿಂತರೆ ಸಾಲ ತೆಗೆದುಕೊಂಡವರು ಕಣ್ಣು ತಪ್ಪಿಸಿ ಓಡಾಡಲು ಶುರು ಮಾಡುತ್ತಾರೆ. ಆದರೆ ಆಕೆಯೇ ‘ಇದು ಸಾಲ, ತೀರಿಸುತ್ತೇನೆ’ ಅಂದರೆ ಬೇಡ ಅನ್ನಬೇಡಿ. ತೀರಿಸಲು ಬಂದ ದಿನ ತೆಗೆದುಕೊಳ್ಳಿ. ತೀರಿಸದಿದ್ದರೆ ನೀವಾಗಿ ಎತ್ತಬೇಡಿ. ನೀವೂ ಆಕೆಯಿಂದ ಏನಾದರೂ ಕೇಳಿ ಪಡೆದುಕೊಳ್ಳಿ. ಇದನ್ನು ನಾವು ಮರೆಯುತ್ತೇವೆ. ಬಾವಿಯ ಹತ್ತಿರ ಸಮಾರ್ಯದ ಹೆಂಗಸನ್ನು ಯೇಸು ಮಾತಾಡಿಸಿದ್ದು ‘ನನಗೆ ಕುಡಿಯಲು ನೀರು ಕೊಡು’ ಅಂತ ಕೇಳಿ. ಕೊಡಲು ಬಂದವರು ಮೊದಲು ಕೈ ಚಾಚಿದರು. ನೀವು ಹೊರಗೆ ಹೋಗುವಾಗ ಮನೆಯ ಬೀಗದ ಕೈ ಆಕೆಯ ಹತ್ತಿರ ಕೊಟ್ಟು ಹೋಗಿ. ಬಟ್ಟೆ ಹೊಲಿಯಲು ಬರುತ್ತದೆ ಅಂದರೆ ಕೂಲಿ ಕೊಟ್ಟು ಹೊಲಿಸಿ. ಬರೀ ತೆಗೆದುಕೊಳ್ಳುತ್ತಲೇ ಇರುವುದು ಯಾರಿಗೂ ಸುಲಭ ಅಲ್ಲ.

ಎಷ್ಟು ದಿನ ಅನ್ನುವುದಕ್ಕೂ ಸಮಾರ್ಯದವನ ಹತ್ತಿರ ಉತ್ತರ ಇದೆ. ಅವನು ಒಂದು ರಾತ್ರಿ ಆರೈಕೆ ಮಾಡಿದ. ಮರುದಿನ ಎರಡು ಬೆಳ್ಳಿ ನಾಣ್ಯ ಛತ್ರದವನ ಕೈಗಿಟ್ಟು, ಜಾಸ್ತಿ ಖರ್ಚಾದರೆ ವಾಪಸ್ ಬರುವಾಗ ಕೊಡುತ್ತೇನೆ ಅಂತ ಹೇಳಿ ಹೊರಟ. ಅಂತಹ ಒಂದು ನಾಣ್ಯ ಆಗ ಒಬ್ಬ ಕೂಲಿಯಾಳಿನ ಒಂದು ದಿನದ ಸಂಬಳ. ಅವನು ತನ್ನ ಕೆಲಸ ಬಿಟ್ಟು ಅಲ್ಲೇ ಉಳಿಯಲಿಲ್ಲ, ಗಾಯಾಳುವನ್ನು ಕೈಬಿಡಲೂ ಇಲ್ಲ. ಇನ್ನೊಬ್ಬನನ್ನು ಸೇರಿಸಿಕೊಂಡ. ನಿಮಗೂ ಒಬ್ಬ ಛತ್ರದವನು ಬೇಕು. ಮಾರ್ಕ 2ರಲ್ಲಿ ಮಾಳಿಗೆ ಬಿಚ್ಚಿ ಯೇಸುವಿನ ಮುಂದೆ ಇಳಿಸಿದ ಮನುಷ್ಯನನ್ನೂ ಕನ್ನಡ ಬೈಬಲ್ ಪಾರ್ಶ್ವವಾಯು ರೋಗಿ ಅಂತಲೇ ಕರೆಯುತ್ತದೆ. ಅವನ ಹಾಸಿಗೆಯನ್ನು ಹೊತ್ತವರು ನಾಲ್ಕು ಜನ. ಒಬ್ಬನೇ ಹೊತ್ತಿದ್ದರೆ ಅವನನ್ನು ಬಾಗಿಲವರೆಗೂ ತರಲು ಆಗುತ್ತಿರಲಿಲ್ಲ. ಆಕೆ ಒಪ್ಪಿದರೆ, ಒಪ್ಪಿದರೆ ಮಾತ್ರ, ಬಾಯಿ ಬಿಗಿ ಇರುವ ಇಬ್ಬರು ಮೂವರನ್ನು ಸೇರಿಸಿಕೊಳ್ಳಿ. ಒಬ್ಬರು ಆಸ್ಪತ್ರೆಯ ಓಡಾಟ, ಒಬ್ಬರು ಮಕ್ಕಳು, ಒಬ್ಬರು ಬುಧವಾರದ ಎರಡು ಗಂಟೆ. ಸರ್ಕಾರದಿಂದ ಸಿಗುವ ನೆರವಿಗೆ ಅರ್ಜಿ ಬರೆದುಕೊಡುವುದು ಗೊತ್ತಿರುವವರು ನಿಮ್ಮ ಸಭೆಯಲ್ಲಿದ್ದರೆ ಅವರೂ ಬೇಕು. ನಿಮಗೆ ಸುಸ್ತಾದ ವಾರ ಸುಸ್ತಾಗಿದೆ ಅಂತ ಹೇಳಿ. ಜನ ಗುಂಪುಗುಂಪಾಗಿ ಹುಡುಕಿಕೊಂಡು ಬರುತ್ತಿದ್ದಾಗಲೂ ಯೇಸು ಆಗಾಗ ಒಬ್ಬರೇ ಪ್ರಾರ್ಥನೆಗೆ ಹೋಗುತ್ತಿದ್ದರು ಅಂತ ಲೂಕ ಬರೆದಿದ್ದಾನೆ.

ಕೊನೆಗೆ, ಯೇಸುವಿನ ವಿಷಯ ಹೇಳಬೇಕಾ ಅಂತ ಕೇಳಿದ್ದೀರಿ. ನಾನು ಯೇಸುವನ್ನು ಪ್ರೀತಿಸುತ್ತೇನೆ, ಆತನ ಬಗ್ಗೆ ಮಾತಾಡುವುದೇ ನನ್ನ ಕೆಲಸ. ಆದರೂ ಹೇಳುತ್ತೇನೆ, ಈಗ ನೀವಾಗಿ ಎತ್ತಬೇಡಿ. ಹಸಿದವರು, ನಿದ್ದೆಗೆಟ್ಟವರು, ನಿಮ್ಮ ಹಣದ ಋಣದಲ್ಲಿರುವವರು ನಿಮ್ಮ ಮಾತಿಗೆ ಬೇಡ ಅನ್ನುವ ಸ್ಥಿತಿಯಲ್ಲಿ ಇರುವುದಿಲ್ಲ. ಬೇಡ ಅನ್ನಲಾಗದವರ ಮುಂದೆ ಇಟ್ಟ ಸುವಾರ್ತೆ ಅವರಿಗೆ ಸಿಹಿಸುದ್ದಿಯಾಗಿ ಕೇಳಿಸುವುದಿಲ್ಲ, ಸಹಾಯಕ್ಕೆ ಹಾಕಿದ ಷರತ್ತಾಗಿ ಕೇಳಿಸುತ್ತದೆ. ಯೇಸು ಹತ್ತು ಕುಷ್ಠರೋಗಿಗಳನ್ನು ವಾಸಿ ಮಾಡಿದರು. ತಿರುಗಿ ಬಂದವನು ಒಬ್ಬ. ಉಳಿದ ಒಂಬತ್ತು ಜನ ಎಲ್ಲಿ ಅಂತ ಯೇಸು ನೊಂದುಕೊಂಡು ಕೇಳಿದರು. ಆದರೆ ಅವರ ರೋಗವನ್ನು ಅವರಿಗೇ ವಾಪಸ್ ಕಳಿಸಲಿಲ್ಲ.

ಮೊದಲ ಶತಮಾನಗಳ ಕ್ರೈಸ್ತರು ಇದನ್ನು ಬದುಕಿ ತೋರಿಸಿದರು. ಕ್ರಿ.ಶ. 250ರ ದಶಕದಲ್ಲಿ ರೋಮ್ ಸಾಮ್ರಾಜ್ಯದಲ್ಲೆಲ್ಲ ಭಾರೀ ಸಾಂಕ್ರಾಮಿಕ ರೋಗ ಹರಡಿದಾಗ, ಕಾರ್ಥೇಜಿನ ಬಿಷಪ್ ಸಿಪ್ರಿಯನ್ ಸಭೆಯವರಿಗೆ ಹೇಳಿದ್ದು ನಮ್ಮವರನ್ನಷ್ಟೇ ನೋಡಿಕೊಂಡರೆ ಸಾಲದು ಅಂತ. ಅದೂ ಕ್ರೈಸ್ತರನ್ನು ಹಿಂಸಿಸುತ್ತಿದ್ದ ಕಾಲದಲ್ಲಿ. ನೂರು ವರ್ಷ ಕಳೆದ ಮೇಲೆ, 361ರಿಂದ 363ರವರೆಗೆ ಆಳಿದ ಚಕ್ರವರ್ತಿ ಜೂಲಿಯನ್ ಕ್ರೈಸ್ತ ನಂಬಿಕೆಯ ವಿರೋಧಿ. ಅವನೇ ತನ್ನ ಪೂಜಾರಿಯೊಬ್ಬನಿಗೆ ಬರೆದ ಪತ್ರದಲ್ಲಿ, ಈ ಜನ ತಮ್ಮ ಬಡವರ ಜೊತೆಗೆ ನಮ್ಮ ಬಡವರನ್ನೂ ಸಾಕುತ್ತಿದ್ದಾರೆ, ನಮಗೆ ಇದು ನಾಚಿಕೆಗೇಡು ಅಂತ ಬೇಸರಪಟ್ಟ. ವಿರೋಧಿಯ ಕೈಯಿಂದ ಬಂದ ಈ ಸಾಕ್ಷಿ ನನಗೆ ಬಹಳ ಇಷ್ಟ.

ಆಕೆಯೇ ಒಂದು ದಿನ ‘ನೀವು ಯಾಕೆ ಇಷ್ಟೆಲ್ಲ ಮಾಡ್ತೀರಿ ಅಕ್ಕಾ?’ ಅಂತ ಕೇಳಬಹುದು. ಆಗ ಮುಚ್ಚುಮರೆ ಇಲ್ಲದೆ ಹೇಳಿ. ಕೇಳಿದವರಿಗೆ ನಿಮ್ಮ ನಿರೀಕ್ಷೆಯ ಕಾರಣ ಹೇಳಲು ಸಿದ್ಧವಾಗಿರಿ, ಆದರೆ ಸಾತ್ವಿಕತ್ವದಿಂದ, ಗೌರವದಿಂದ ಹೇಳಿ ಅಂತ ಪೇತ್ರ ಬರೆದಿದ್ದಾನೆ. ಕೇಳದೇ ಇದ್ದರೂ ಬುಧವಾರದ ಎರಡು ಗಂಟೆ ಬುಧವಾರದ ಎರಡು ಗಂಟೆಯಾಗಿಯೇ ಇರಲಿ. ನಿಮ್ಮ ಮನೆಯಲ್ಲಿ, ನಿಮ್ಮ ಕೋಣೆಯಲ್ಲಿ ಅವರ ನಾಲ್ವರ ಹೆಸರೂ ಹಿಡಿದು ಎಷ್ಟು ಬೇಕಾದರೂ ಪ್ರಾರ್ಥಿಸಿ.

ಇನ್ನೊಂದು ಮಾತು. ಬಾಗಿಲು ತೆರೆದು ಒಳಗೆ ಕರೆದ ದಿನ, ಮೊದಲು ಯಜಮಾನರ ಹಾಸಿಗೆಯ ಹತ್ತಿರ ಹೋಗಿ. ಇಂತಹ ಮನೆಗಳಲ್ಲಿ ಬಂದವರೆಲ್ಲ ಹೆಂಡತಿಯ ಜೊತೆ, ‘ಊಟ ಮಾಡ್ತಾರಾ? ನಿದ್ದೆ ಬರುತ್ತಾ?’ ಅಂತ ಅವರ ಎದುರಿಗೇ ಅವರ ಬಗ್ಗೆ ಮಾತಾಡುತ್ತಾರೆ. ಪಾರ್ಶ್ವವಾಯುವಿನಿಂದ ಮಾತು ಬಿದ್ದುಹೋದ ಎಷ್ಟೋ ಜನರಿಗೆ ಎದುರಿನವರು ಹೇಳುವುದು ಅರ್ಥವಾಗುತ್ತಿರುತ್ತದೆ. ಅವರ ಕಣ್ಣಿನ ಮಟ್ಟಕ್ಕೆ ಬರುವ ಹಾಗೆ ಕೂತು, ಹೆಸರು ಹಿಡಿದು ಮಾತಾಡಿಸಿ. ಒಂದು ಸಲಕ್ಕೆ ಒಂದೇ ಪ್ರಶ್ನೆ ಕೇಳಿ. ಉತ್ತರ ಬರಲು ಹೊತ್ತಾಗುತ್ತದೆ, ನೀವೇ ವಾಕ್ಯ ಮುಗಿಸಿಕೊಡಬೇಡಿ, ಕಾಯಿರಿ. ಹೆಂಡತಿ ಅದನ್ನು ಬಾಗಿಲ ಹತ್ತಿರ ನಿಂತು ನೋಡುತ್ತಿರುತ್ತಾರೆ.